ಹಕ್ಕಲಿಗೆ ಸಾರಜನಕ ತರುವ ಮರಗಳು

ಮುತ್ತಿನಕೊಪ್ಪದಿಂದ ಕೊಪ್ಪ, ಶೃಂಗೇರಿಯವರೆಗೆ ಮಳೆಗಾಲದಲ್ಲಿ ಎಲ್ಲ ನೆಲವೂ ಹಸಿರೇ. ದೀಪಾವಳಿ ಕಳೆದ ಮೇಲೆ ನೋಡಬೇಕು. ಊರಂಚಿನ ಹಕ್ಕಲು, ಗೋಮಾಳ, ಬೋಳಾದ ಸೊಪ್ಪಿನಬೆಟ್ಟಗಳಲ್ಲಿ ಉಳಿಯುವುದು ಜಂಬಿಟ್ಟಿಗೆ ಮಣ್ಣು, ಒರಟು ಕರಡ, ದನ ಮೂಸದ ಲಂಟಾನ. ಇಂಥ ನೆಲಕ್ಕೆ ಮಳೆಯ ಬರವಿಲ್ಲ, ಸಾರಜನಕದ ಬರವಿದೆ.

ತಲೆಮಾರುಗಳಿಂದ ಬೆಟ್ಟದ ಸೊಪ್ಪು, ದರಗು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಅಡಿಕೆ ತೋಟ ಸೇರಿದೆ. ಮರಗಳಿರುವವರೆಗೆ ಬೆಟ್ಟ ಆ ನಷ್ಟವನ್ನು ತುಂಬಿಕೊಳ್ಳುತ್ತಿತ್ತು. ಮರ ಹೋದ ಮೇಲೂ ದನ ಮೇಯಿಸುವುದು ನಿಲ್ಲಲಿಲ್ಲ, ಬೇಸಿಗೆಯ ಬೆಂಕಿಯೂ ನಿಲ್ಲಲಿಲ್ಲ. ಹುಲ್ಲು ಸುಟ್ಟಾಗ ರಂಜಕ, ಪೊಟ್ಯಾಷ್, ಸುಣ್ಣದ ಅಂಶ ಬಹುಪಾಲು ಬೂದಿಯಲ್ಲಿ ಉಳಿಯುತ್ತವೆ. ಸಾರಜನಕ ಮಾತ್ರ ಅನಿಲವಾಗಿ ಹಾರಿಹೋಗುತ್ತದೆ. ಮಣ್ಣಿನಲ್ಲಿ ನೈಟ್ರೇಟ್ ರೂಪದಲ್ಲಿ ಮಿಕ್ಕದ್ದನ್ನು ಆಷಾಢದ ಮಳೆ ಹುಲ್ಲಿನ ಬೇರಿಗೆ ಎಟುಕದ ಆಳಕ್ಕೆ ಇಳಿಸುತ್ತದೆ.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಆದರೆ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಅದನ್ನು ಒಡೆಯುವ ಶಕ್ತಿ ಗಿಡಗಳಿಗಿಲ್ಲ, ಕೆಲವು ಬ್ಯಾಕ್ಟೀರಿಯಗಳಿಗಿದೆ. ನಮ್ಮ ಹೊನ್ನೆ, ಬೀಟೆ, ಬಾಗೆ, ಹೊಂಗೆ, ಮುತ್ತುಗದ ಬೇರಿನಲ್ಲಿ ಗಂಟು ಕಟ್ಟಿಕೊಂಡು ಬದುಕುವ ರೈಜೋಬಿಯಂ ಬಳಗ ಅಂಥದ್ದು. ಮರ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯ ಅಮೋನಿಯ ಕೊಡುತ್ತದೆ. ಸಸಿಯ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯಾದ ಪ್ರೋಟೀನಿನದು. ಸಾರಜನಕ ಒಡೆಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಈ ಪ್ರೋಟೀನು ಆಮ್ಲಜನಕವನ್ನು ಹಿಡಿದಿಟ್ಟು ಆ ಕಿಣ್ವವನ್ನು ಕಾಯುತ್ತದೆ. ಕೋಡಿನಂಥ ಕಾಯಿ ಬಿಡುವ ಮರಗಳೆಲ್ಲ ಹೀಗೆ ಎಂದುಕೊಳ್ಳಬೇಡಿ. ಕಕ್ಕೆಗೂ ಹುಣಸೆಗೂ ಈ ಗಂಟುಗಳಿಲ್ಲ.

ಪನಾಮದಲ್ಲಿ ಹಳೆಯ ಹುಲ್ಲುಗಾವಲುಗಳ ಮೇಲೆ ಮರಳಿ ಎದ್ದ ಕಾಡುಗಳನ್ನು ಅಳೆದ ಅಧ್ಯಯನವೊಂದು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಎಳೆಯ ಕಾಡಿನಲ್ಲಿ ಗಂಟು ಕಟ್ಟುವ ಮರಗಳು ನೆರೆಯ ಮರಗಳಿಗಿಂತ ಒಂಬತ್ತು ಪಟ್ಟಿನವರೆಗೆ ವೇಗವಾಗಿ ಇಂಗಾಲ ಕೂಡಿಸಿಕೊಂಡಿದ್ದವು. ಮೊದಲ 12 ವರ್ಷಗಳ ಬೆಳವಣಿಗೆಗೆ ಬೇಕಾದ ಸಾರಜನಕದಲ್ಲಿ ದೊಡ್ಡ ಪಾಲು ಇವುಗಳದೇ. ಮಣ್ಣು ಚೇತರಿಸಿಕೊಂಡಂತೆ ಇಂಥ ಮರಗಳು ಈ ದುಬಾರಿ ಕೆಲಸವನ್ನು ತಾವಾಗಿ ಕಡಿಮೆ ಮಾಡುವುದೂ ಉಂಟು.

ಹಾಗಾದರೆ ಮಲೆನಾಡಿನ ಗೋಮಾಳಗಳಲ್ಲಿ ನೆಟ್ಟ ಅಕೇಶಿಯ ಸಾಲದೇ? ಆಸ್ಟ್ರೇಲಿಯದ ಆ ಮರವೂ ಸಾರಜನಕ ಹಿಡಿಯುತ್ತದೆ, ನಿಜ. ಆದರೆ ಅದರ ದಪ್ಪ ದರಗು ನಿಧಾನವಾಗಿ ಕೊಳೆಯುತ್ತದೆ, ಒಣಗಿ ಬೆಂಕಿಗೆ ಉರುವಲಾಗುತ್ತದೆ. ಒಂದೇ ಜಾತಿಯ ನೆಡುತೋಪನ್ನು ಒಮ್ಮೆಲೇ ಕಡಿದು ಸಾಗಿಸಿದಾಗ ಗಳಿಸಿದ್ದರಲ್ಲಿ ಒಂದು ಪಾಲೂ ಲಾರಿ ಹತ್ತುತ್ತದೆ. ನಾಡಮರಗಳ ಬೆರಕೆ ಕಾಡಿನಲ್ಲಿ ಹೊನ್ನೆ, ಬಾಗೆ ಸಾರಜನಕ ತರುತ್ತವೆ. ಮತ್ತಿ, ನಂದಿ, ನೆಲ್ಲಿ ಅದನ್ನು ತರಲಾರವು, ಆದರೆ ಆಳಕ್ಕಿಳಿದದ್ದನ್ನು ಬೇರಿನಿಂದ ಹೀರಿ ಎಲೆಯಾಗಿ ಮತ್ತೆ ಮೇಲ್ಮಣ್ಣಿಗೆ ಉದುರಿಸುತ್ತವೆ. ನನ್ನ ಮತ ಈ ಬೆರಕೆಗೇ.

ಎಲ್ಲ ಕಡೆ ಸಸಿ ನೆಡಬೇಕೆಂದೂ ಇಲ್ಲ. ಬೀಟೆ, ಮುತ್ತುಗ ಹಳೆಯ ಬೇರಿನಿಂದಲೇ ಚಿಗುರುತ್ತವೆ. ನಿಮ್ಮ ಹಕ್ಕಲಿನ ಒಂದು ಮೂಲೆಗಾದರೂ ಬೇಲಿ ಹಾಕಿ, ಬೆಂಕಿ ತಡೆಯಿರಿ, ಮೊದಲ ಕೆಲವು ವರ್ಷ ದರಗು ಗುಡಿಸಬೇಡಿ. ಚಿಗುರು ಕಾಣದ ಕಡೆ ಮುಂಗಾರು ಹಿಡಿದ ಕೂಡಲೇ ಹೊನ್ನೆಯನ್ನೂ ಬಾಗೆಯನ್ನೂ ಮತ್ತಿ, ನೆಲ್ಲಿಗಳ ಜೊತೆ ಬೆರೆಸಿ ನೆಡಿ.