ಕೇಪಿನ ಕೋವಿ: ಹೊಗೆ, ತುಕ್ಕು, ಮತ್ತು ಗ್ಯಾರೇಜಿನ ಬಾಣಲೆ

ಮಲೆನಾಡಿನ ಕಡೆಯವರಾದರೆ ಕೇಪಿನ ಕೋವಿ ಅನ್ನೋ ಹೆಸರು ಕೇಳಿರ್ತೀರಿ. ಮೂಡಿಗೆರೆ ಹತ್ತಿರದ ನಮ್ಮ ಅಜ್ಜನ ಮನೆಯಲ್ಲೂ ಒಂದಿತ್ತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು. ಚುನಾವಣೆ ಬಂದಾಗ ಠಾಣೆಗೆ ಕೊಟ್ಟು, ಮುಗಿದ ಮೇಲೆ ವಾಪಸು ತರಬೇಕು. ಒಂದು ಸಲ ಹಂದಿ ಓಡಿಸಲು ಈಡು ಹೊಡೆದ ಮರುದಿನವೇ ಕೊಡಬೇಕಾಗಿ ಬಂತು, ಅಜ್ಜ ನಳಿಗೆ ತೊಳೆದಿರಲಿಲ್ಲ. ಎರಡು ತಿಂಗಳ ನಂತರ ಬಂದ ಕೋವಿಯೊಳಗೆ ಗಜ ಹಾಕಿ ಎಳೆದರೆ ಕೆಂಪು ತುಕ್ಕಿನ ಪುಡಿ ಉದುರಿತು. ಮಳೆಗಾಲದ ತಪ್ಪು ಅಂತ ನಾನು ಅಂದುಕೊಂಡಿದ್ದೆ. ನಿಜವಾದ ಕಾರಣ ಗೊತ್ತಾಗಿದ್ದು ಇಪ್ಪತ್ತು ವರ್ಷ ಬಿಟ್ಟು, ಅಮೆರಿಕದಲ್ಲಿ.

ನಾನಿರೋದು ಡೆಟ್ರಾಯಿಟ್ ಪಕ್ಕದಲ್ಲಿ. ನನ್ನ ಗೆಳೆಯ ವಿರಾಜಪೇಟೆಯವನು, ಷಿಕಾಗೊ ಹೊರವಲಯದ ನೇಪರ್‌ವಿಲ್‌ನಲ್ಲಿದ್ದಾನೆ. ಕೊಡವರಿಗೂ ಕೋವಿಗೂ ಇರುವ ನಂಟು ನಿಮಗೆ ಗೊತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೇ ಪೂಜೆ. ಇಲ್ಲಿ ಆ ಹಬ್ಬಕ್ಕೆ ಪೂಜಾಕೋಣೆಯಲ್ಲಿ ಇಡಲು ಏನೂ ಇಲ್ಲ ಅನ್ನೋದು ಅವನ ಕೊರಗು. ಕೊನೆಗೆ ಕೋಲ್ಟ್ 1860 ಆರ್ಮಿ ರಿವಾಲ್ವರಿನ ಇಟಾಲಿಯನ್ ಪ್ರತಿಕೃತಿಯೊಂದನ್ನು ಕೊಂಡ. ಇಂಥವು ಹೆಚ್ಚಾಗಿ ಬರೋದು ಬ್ರೆಷಾ ಊರಿನ ಹತ್ತಿರದ ಒಂದು ಕಣಿವೆಯಿಂದ, ಉಬೆರ್ಟಿ, ಪಿಯೆಟ್ಟಾ ಮುಂತಾದ ಕಂಪನಿಗಳಿಂದ.

ಕಾನೂನಿನ ವಿಷಯ ಬೇಗ ಮುಗಿಸ್ತೀನಿ. 1968ರ ಫೆಡರಲ್ ಕಾಯಿದೆಯ ಪ್ರಕಾರ, 1898 ಅಥವಾ ಅದಕ್ಕೆ ಮುಂಚೆ ತಯಾರಾದ ಕೋವಿಗಳು, ಮತ್ತು ಸಿದ್ಧ ತೋಟಾ ಬಳಸದ ಅವುಗಳ ಪ್ರತಿಕೃತಿಗಳು 'ಆಂಟಿಕ್'. ಮಾಮೂಲಿ ಬಂದೂಕಿನ ನಿಯಮ ಅವಕ್ಕಿಲ್ಲ. ಆದರೆ ರಾಜ್ಯದ ಕಾನೂನು ಬೇರೆ, ಮಿಷಿಗನ್ ಬೇರೆ, ಇಲಿನಾಯ್ ಬೇರೆ. ನನ್ನ ಗೆಳೆಯ ಇಲಿನಾಯ್‌ನ ಫಾಯಿಡ್ ಕಾರ್ಡ್ ಮಾಡಿಸಿಕೊಂಡೇ ಕೊಂಡ. ಎಚ್-1ಬಿ ತರಹದ ವೀಸಾದಲ್ಲಿ ಇರೋರು ಅಂಗಡಿಯವನ ಮಾತು ನಂಬದೆ ವಕೀಲರನ್ನು ಕೇಳಿ.

ಇನ್ನು ಕೋವಿಯ ಒಳಗೆ ಏನಾಗುತ್ತೆ ನೋಡೋಣ. ಹಳೆಯ ಚಕಮಕಿ ಕೋವಿಯಲ್ಲಿ ಮೊದಲು ಹೊರಗಿನ ಬಟ್ಟಲಲ್ಲಿ ಮಿಂಚು, ಆಮೇಲೆ ಒಳಗೆ ಸ್ಫೋಟ. ಆ ಮಧ್ಯದ ಕ್ಷಣದಲ್ಲಿ ಬೆಳಕು ಕಂಡ ಹಕ್ಕಿಗಳು ಬೆದರಿ ಹಾರಿಬಿಡುತ್ತಿದ್ದವು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬಲ್ಲಿ ಪಾದ್ರಿಯಾಗಿದ್ದ ಅಲೆಕ್ಸಾಂಡರ್ ಫಾರ್ಸಿತ್‌ಗೆ ಬೇಟೆ ಕೈತಪ್ಪಿ ಬೇಸರವಾಗಿ, ಪೆಟ್ಟು ಬಿದ್ದರೇ ಹೊತ್ತಿಕೊಳ್ಳುವ ರಾಸಾಯನಿಕ ಬಳಸೋ ಉಪಾಯ ಹುಡುಕಿದರು. 1807ರಲ್ಲಿ ಪೇಟೆಂಟು. ಹಕ್ಕಿಯ ಕಣ್ಣು ಚುರುಕಾಗಿದ್ದಕ್ಕೆ ಕೋವಿ ಬದಲಾಯಿತು ಅಂತ ಜೀವಶಾಸ್ತ್ರದವನಾದ ನನಗೆ ಹೇಳೋಕೆ ಖುಷಿ. ಮುಂದೆ ಆ ರಾಸಾಯನಿಕವನ್ನು ಪುಟ್ಟ ತಾಮ್ರದ ಟೋಪಿಯೊಳಗೆ ಇಟ್ಟರು. ಅದೇ ಕ್ಯಾಪ್, ನಮ್ಮ ಬಾಯಲ್ಲಿ ಕೇಪು.

ಕೇಪಿನ ಕಿಡಿ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ಹೋಗುತ್ತೆ. ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗುತ್ತೆ. ಮಿಕ್ಕಿದ್ದು ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮುಂತಾದ ಘನ ಲವಣಗಳು. ಆ ದಟ್ಟ ಬಿಳಿ ಹೊಗೆ ಇದೆಯಲ್ಲ, ಅದು ಇವುಗಳ ಪುಡಿ. ನಳಿಗೆಗೆ ಅಂಟಿದ್ದು ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತೆ. ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಹೊತ್ತಿದ ಮೇಲೆ ಉಳಿಯೋದು ಹೆಚ್ಚುಕಡಿಮೆ ನಮ್ಮ ಅಡುಗೆ ಉಪ್ಪಿನ ತಮ್ಮನೇ. ಅಜ್ಜನ ಕೋವಿಗೆ ತುಕ್ಕು ಹಿಡಿಸಿದ್ದು ಬರೀ ಮಳೆ ಅಲ್ಲ, ಒಳಗಿದ್ದ ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರಲ್ಲಿ ಕರಗುತ್ತೆ. ಹಾಗಾಗಿ ಹೊಡೆದ ದಿನವೇ ಬಿಸಿನೀರು, ಸೋಪು, ಆಮೇಲೆ ಪೂರ್ತಿ ಒಣಗಿಸಿ ಎಣ್ಣೆ.

ಹೊಸ ಪ್ರತಿಕೃತಿಯನ್ನು ಡಬ್ಬದಿಂದ ತೆಗೆದ ಹಾಗೇ ಹೊಡೆಯೋಕೆ ಹೋದರೆ ಸುಮಾರು ಸಲ ತೊಂದರೆ. ಈ ಕೋಲ್ಟ್‌ಗೆ ಮೇಲ್ಪಟ್ಟಿ ಇಲ್ಲ. ನಡುವಿನ ಒಂದು ಕಂಬ ಮತ್ತು ಒಂದು ಬೆಣೆ ಸೇರಿ ನಳಿಗೆಯನ್ನು ಹಿಡಿದಿರುತ್ತವೆ. ಕೆಲವು ಪ್ರತಿಕೃತಿಗಳಲ್ಲಿ ಆ ಕಂಬ ನಳಿಗೆಯ ಕಡೆಯ ಕುಳಿಯ ತಳ ಮುಟ್ಟೋದೇ ಇಲ್ಲ. ಆಗ ಬೆಣೆಯನ್ನು ಎಷ್ಟು ಬಡಿದಿರೋ ಅದರ ಮೇಲೆ ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಬದಲಾಗುತ್ತೆ. ಒಂದು ದಿನ ಸಿಲಿಂಡರು ಸಲೀಸಾಗಿ ತಿರುಗುತ್ತೆ, ಇನ್ನೊಂದು ದಿನ ಕಚ್ಚಿಕೊಳ್ಳುತ್ತೆ. ಗೆಳೆಯ ಅಲ್ಲೊಂದು ತೆಳು ಬಿಲ್ಲೆ ಕೂರಿಸಿ ಸರಿಮಾಡಿದ. ಕೇಪು ಸಡಿಲವಾಗಿದ್ದರೆ ಒಡೆದ ಚೂರು ಯಂತ್ರದೊಳಗೆ ಬಿದ್ದು ಸಿಕ್ಕಿಕೊಳ್ಳುತ್ತೆ. ಒಂದು ಹೊಡೆದರೆ ಪಕ್ಕದ ಕೋಣೆಗಳೂ ಹೊತ್ತಿಕೊಳ್ಳುವ ಅಪಾಯವೂ ಇದೆ. ಅದನ್ನು ತಡೆಯಲು ಅಳತೆಗೆ ಸರಿಯಾದ ಕೇಪು ಬೇಕು, ಗುಂಡು ಬಿಗಿಯಾಗಿ ಕೂರಬೇಕು.

ಆ ಬಿಗಿತಕ್ಕಾಗಿಯೇ ಗುಂಡು ಮೆತ್ತಗಿನ ಶುದ್ಧ ಸೀಸದ್ದಾಗಿರಬೇಕು. ಕೋಣೆಗಿಂತ ಕೂದಲೆಳೆಯಷ್ಟು ದೊಡ್ಡದಾದ, ಸುಮಾರು 9 ಗ್ರಾಂ ತೂಕದ ಗುಂಡನ್ನು ಒತ್ತಿದಾಗ ಅಂಚಿನಿಂದ ಸೀಸದ ತೆಳುವಾದ ಉಂಗುರ ಕಿತ್ತು ಬರುತ್ತೆ. ನೋಡೋಕೆ ಚೆಂದ, ಬೆರಳಲ್ಲಿ ಎತ್ತಿ ಬಿಸಾಡ್ತೀವಿ. ಈ ಸಂಚಿಕೆ ಮಾಡೋಕೆ ಕಾರಣ ಆ ಬೆರಳು.

ಹೋದ ವರ್ಷ ಗೆಳೆಯ ಫೋನು ಮಾಡಿದ. ಶಾಲೆಗೆ ಸೇರಿಸೋ ಮುಂಚಿನ ರಕ್ತಪರೀಕ್ಷೆಯಲ್ಲಿ ನಾಲ್ಕು ವರ್ಷದ ಮಗಳ ಸೀಸದ ಮಟ್ಟ ಡೆಸಿಲೀಟರಿಗೆ 6 ಮೈಕ್ರೋಗ್ರಾಂ ಬಂದಿತ್ತು. ಮಕ್ಕಳಿಗೆ ಸಿಡಿಸಿ ಇಟ್ಟಿರೋ ಗಡಿ 3.5; ಅದನ್ನು 2021ರಲ್ಲಿ 5ರಿಂದ ಇಳಿಸಿದರು. "ನೀನು ಬಯಾಲಜಿಯವನಲ್ವಾ ಮಾರಾಯ, ಎಲ್ಲಿಂದ ಬಂತು ಹೇಳು" ಅಂದ. ನಾವಿಬ್ಬರೂ ಪಟ್ಟಿ ಮಾಡಿದೆವು. ಗೋಡೆಯ ಬಣ್ಣವಾ? ಮನೆ ಹೊಸದು, ಸೀಸದ ಬಣ್ಣ 1978ರಲ್ಲೇ ನಿಷೇಧವಾಗಿತ್ತು. ನೀರಾ? ಷಿಕಾಗೊ ಊರೊಳಗಾದರೆ ಮೊದಲ ಅನುಮಾನ ಅದೇ. ಅಲ್ಲಿ 1986ರ ತನಕ ಮನೆಗೆ ಸೀಸದ ಕೊಳಾಯಿಯೇ ಹಾಕಬೇಕೆಂಬ ನಿಯಮ ಇತ್ತು. ನಮ್ಮ ಡೆಟ್ರಾಯಿಟ್ ಕಡೆ ಫ್ಲಿಂಟ್ ಊರಿನ ಕಥೆ ಎಲ್ಲರಿಗೂ ಗೊತ್ತು, 2014ರಲ್ಲಿ ನೀರಿನ ಮೂಲ ಬದಲಿಸಿ ಹಳೆ ಕೊಳವೆಗಳ ಸೀಸ ಮನೆಮನೆಗೆ ಹರಿಯಿತು. ಇವನ ಮನೆ ನೀರು ಪರೀಕ್ಷೆ ಮಾಡಿಸಿದರೆ ಸರಿಯಿತ್ತು. ಊರಿಂದ ತಂದ ಅರಿಸಿನ, ಕುಂಕುಮ? ಅವನ್ನೂ ಎತ್ತಿಟ್ಟಾಯಿತು.

ಆಮೇಲೆ ನಾನು ಕೇಳಿದೆ: "ಗುಂಡು ಎಲ್ಲಿಂದ ತರ್ತೀಯ?"

ಸ್ವಲ್ಪ ಹೊತ್ತು ಮಾತಿಲ್ಲ. ಗ್ಯಾರೇಜಿನಲ್ಲಿ ಹಳೆ ಬಾಣಲೆಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದನಂತೆ, ಸೌಟು ಸಮೇತ. ಮಗಳ ಸೈಕಲ್ಲೂ ಅಲ್ಲೇ.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಆ ಶಾಖದಲ್ಲಿ ಆವಿಯಾಗೋದು ಕಡಿಮೆ. ಮೋಸ ಮಾಡೋದು ಮೇಲೆ ಕಟ್ಟುವ ಬೂದು ಕೆನೆ, ಸೀಸದ ಆಕ್ಸೈಡು. ಅದನ್ನು ತೆಗೆದು ಬಿಸಾಡುವಾಗ ಹಿಟ್ಟಿನಂಥ ಧೂಳು ನೆಲಕ್ಕೆ, ಚಪ್ಪಲಿಗೆ, ಅಲ್ಲಿಂದ ಕಾರ್ಪೆಟ್ಟಿಗೆ. ಈಗಿನ ಕೇಪುಗಳ ರಾಸಾಯನಿಕದಲ್ಲೂ ಸಾಮಾನ್ಯವಾಗಿ ಸೀಸ ಇರುತ್ತೆ, ಅಂಗಿಯ ತೋಳಿಗೆ ಕೂತು ಮನೆಗೆ ಬರುತ್ತೆ. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೇ ಒಂದು ಭಾಗ ಹೀರಿದರೆ, ಸಣ್ಣ ಮಕ್ಕಳದು ಅರ್ಧದವರೆಗೂ ಹೀರಬಹುದು. ದೇಹ ಅದನ್ನು ಕ್ಯಾಲ್ಸಿಯಂ ಅಂತ ತಪ್ಪು ತಿಳಿಯುತ್ತೆ. ನರಕೋಶಗಳ ಕ್ಯಾಲ್ಸಿಯಂ ಬಾಗಿಲಿನಿಂದಲೇ ಒಳಗೆ ಬಿಟ್ಟು, ಮೂಳೆಯಲ್ಲಿ ದಶಕಗಟ್ಟಲೆ ಕೂಡಿಡುತ್ತೆ. ಮಕ್ಕಳಿಗೆ ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಮಟ್ಟ ಇದುವರೆಗೆ ಸಿಕ್ಕಿಲ್ಲ.

6 ಅಂದರೆ ಔಷಧಿ ಕೊಡೋ ಮಟ್ಟ ಅಲ್ಲ. ಮೂಲ ನಿಲ್ಲಿಸಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಇರೋ ಊಟ ಕೊಡಿ ಅಂದರು ಡಾಕ್ಟರು. ದೇಹಕ್ಕೆ ಅವೆರಡೂ ಕಡಿಮೆಯಾದರೆ ಸೀಸ ಹೀರೋದು ಹೆಚ್ಚುತ್ತೆ. ಊರಿಂದ ಬಂದಿದ್ದ ಅವನ ತಾಯಿ ಮೊಮ್ಮಗಳಿಗೆ ರಾಗಿ ಮಾಲ್ಟ್ ಶುರುಮಾಡಿದರು, ಮಗನಿಗೆ ಬೈಗುಳ. ಗ್ಯಾರೇಜನ್ನು ಪೊರಕೆಯಲ್ಲಿ ಗುಡಿಸಲಿಲ್ಲ, ಗುಡಿಸಿದರೆ ಧೂಳು ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆದರು. ಬಾಣಲೆ, ಸೌಟು ಎರಡೂ ಅಪಾಯಕಾರಿ ಕಸ ತಗೊಳ್ಳೋ ಕೇಂದ್ರಕ್ಕೆ ಹೋದವು. ಈಗ ಕಾರ್ಖಾನೆಯ ಗುಂಡನ್ನೇ ಕೊಳ್ತಾನೆ. ಹೊಡೆಯೋ ದಿನದ ಶೂ, ಅಂಗಿ ಬೇರೆ, ಅವು ಮನೆಯೊಳಗೆ ಬರಲ್ಲ, ಬಟ್ಟೆ ಬೇರೆಯಾಗಿಯೇ ಒಗೆಯಬೇಕು. ಕೈ ತೊಳೆಯದೆ ತಿಂಡಿ ಮುಟ್ಟೋ ಹಾಗಿಲ್ಲ.

ಐದು ತಿಂಗಳ ಮೇಲೆ ಮಗಳದು 3ಕ್ಕೆ ಇಳಿಯಿತು. ನಾನೂ ಅವನ ಜೊತೆ ಹೊಡೆದವನೇ, ನನ್ನದೂ ನೋಡಿಸಿದೆ, 4 ಇತ್ತು. ಈ ಸೆಪ್ಟೆಂಬರಿನಲ್ಲಿ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿಗೆ ಹೋಗೋಣ ಅಂತಿದ್ದೇವೆ. 1933ರಲ್ಲಿ ಶುರುವಾದ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಅಲ್ಲಿ ಸ್ಪರ್ಧೆ ನಡೆಸುತ್ತೆ. ನಮ್ಮಿಬ್ಬರಿಗೂ ನಾಲ್ಕೈದು ಗಂಟೆಯ ದಾರಿ. ಕೈಲ್‌ಪೊಳ್ದ್ ಕೂಡ ಅದೇ ತಿಂಗಳು ಬರುತ್ತಲ್ಲ, ಪೂಜೆ ಮುಗಿಸಿಕೊಂಡೇ ಹೊರಡೋದು ಅಂತ ಅವನ ತಾಯಿ ಹೇಳಿದ್ದಾರೆ. ಡಿಕ್ಕಿಯಲ್ಲಿ ಎರಡು ಬಕೆಟ್ಟು, ಸೋಪು, ಮತ್ತೊಂದು ಜೊತೆ ಚಪ್ಪಲಿ ಇರುತ್ತೆ.

ನಿಮ್ಮ ಮನೆಯಲ್ಲೂ ಇಂಥ ಕೋವಿ ಇದ್ದರೆ, ಇದ್ದಿದ್ದರೆ, ಅದರ ಕಥೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.