ನ್ಯೂಪೋರ್ಟಿನ ಇಪ್ಪತ್ತೇಳು ಸುತ್ತು

1956ರ ಜುಲೈ 7. ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವ. ಹೊತ್ತು ಬಹಳ ಮೀರಿದೆ, ಕೆಲವರು ಆಗಲೇ ಎದ್ದು ಹೊರಟಿದ್ದಾರೆ. ಆಗ ಬಿಗ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ತಮ್ಮ 1937ರ ಹಳೆಯ ಬ್ಲೂಸ್ ರಚನೆಯೊಂದನ್ನು ಎತ್ತಿಕೊಳ್ಳುತ್ತಾರೆ.

ಅದರಲ್ಲಿ ಎರಡು ಭಾಗ. ಆ ಎರಡರ ನಡುವಿನ ಜಾಗ ಬ್ಯಾಂಡಿನ ಪಾಲ್ ಗೊನ್ಸಾಲ್ವೆಸ್ ಅವರ ಟೆನರ್ ಸ್ಯಾಕ್ಸೊಫೋನ್‌ಗೆ. ಬ್ಲೂಸ್‌ನ ಒಂದು ಸುತ್ತಿಗೆ 12 ಬಾರ್. ನಮ್ಮ ತಾಳದ ಆವರ್ತನದ ಹಾಗೆ, ಮುಗಿದ ಕೂಡಲೇ ಮತ್ತೆ ಮೊದಲಿಂದ. ಅವರು ಒಂದಲ್ಲ, ಎರಡಲ್ಲ, 27 ಸುತ್ತು ನುಡಿಸಿದರು!

ಹಿಂದೆ ಪಿಯಾನೊ, ಬಾಸ್, ಡ್ರಮ್ಸ್ ಅಷ್ಟೇ. ವೇದಿಕೆಯ ಪಕ್ಕದಲ್ಲಿ ಡ್ರಮ್ ದಿಗ್ಗಜ ಜೋ ಜೋನ್ಸ್. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ, ಅದರಲ್ಲೇ ತಾಳ ಬಡಿಯುತ್ತಿದ್ದಾರೆ. ಸಭೆಯಲ್ಲಿ ಒಬ್ಬ ಮಹಿಳೆ ಎದ್ದು ಕುಣಿಯತೊಡಗಿದರು. ನೋಡನೋಡುತ್ತಲೇ ಜನವೆಲ್ಲ ಎದ್ದರು. ಅವರ ಕೂಗು ಏರಿದಷ್ಟೂ ವಾದ್ಯದ ಬಿಸಿ ಏರಿತು. ಲೈವ್ ಸಂಗೀತದ ಜೀವ ಇರುವುದೇ ಇಲ್ಲಿ. ಸ್ಫೂರ್ತಿ ವೇದಿಕೆಯಿಂದ ಕೆಳಗಿಳಿದಷ್ಟೇ ಕೆಳಗಿನಿಂದ ಮೇಲಕ್ಕೂ ಹರಿಯುತ್ತದೆ. ಸ್ಟುಡಿಯೊದ ನಾಲ್ಕು ಗೋಡೆಯೊಳಗೆ ಆ 27 ಸುತ್ತು ಹುಟ್ಟುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ.

ಬಿಗ್ ಬ್ಯಾಂಡ್‌ಗಳ ಕಾಲ ಮುಗಿಯಿತು ಅನ್ನುತ್ತಿದ್ದ ದಿನಗಳು ಅವು. ಆದರೆ ಮುಂದಿನ ತಿಂಗಳೇ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್!

ಗೊನ್ಸಾಲ್ವೆಸ್ ಅಂದು ನುಡಿಸಿದ್ದು ಧ್ವನಿಮುದ್ರಿಕೆ ಕಂಪನಿಯ ಮೈಕಿಗಲ್ಲ, ‘ವಾಯ್ಸ್ ಆಫ್ ಅಮೆರಿಕ’ ರೇಡಿಯೊದ ಮೈಕಿಗೆ. ಹಾಗಾಗಿ ಹಳೆಯ ರೆಕಾರ್ಡಿನಲ್ಲಿ ಅವರ ದನಿ ದೂರದಿಂದ ಬಂದಂತಿದೆ. ಕಂಪನಿಯ, ರೇಡಿಯೊದ ಎರಡೂ ಟೇಪುಗಳನ್ನು ಜೋಡಿಸಿದ ಆವೃತ್ತಿ 1999ರಲ್ಲಿ ಬಂತು. ಅದನ್ನೇ ಹುಡುಕಿ, ಹೆಡ್‌ಫೋನ್ ಹಾಕಿ ಕೇಳಿ. ಜನರ ಕೂಗನ್ನೂ ಬಿಡದೆ ಕೇಳಿ.