ತಾತನ ರಜೆ ಲೆಕ್ಕ

ಕಳೆದ ವರ್ಷ ನಮ್ಮ ಸೀನಿಯರ್ ಒಬ್ಬರಿಗೆ ಕ್ಯಾಂಪಸ್‌ನಲ್ಲಿ ಹನ್ನೆರಡು ಲಕ್ಷದ ಪ್ಯಾಕೇಜ್ ಸಿಕ್ಕಿತು. ಊರಿಗೆ ಹೋದಾಗ ಅದನ್ನೇ ದೊಡ್ಡದಾಗಿ ತಾತನಿಗೆ ಹೇಳಿದೆ. ಜಗಲಿಯಲ್ಲಿ ಕೂತು ಶೂ ಪಾಲಿಶ್ ಮಾಡುತ್ತಿದ್ದ ತಾತ ಕೇಳಿದ್ದು ಒಂದೇ ಮಾತು: ‘ವರ್ಷಕ್ಕೆ ರಜೆ ಎಷ್ಟು ದಿನ ಕೊಡ್ತಾರಂತೆ ಮಗ?’ ನಾನು ನಕ್ಕುಬಿಟ್ಟೆ.

ತಾತ ತೀರಿಕೊಂಡು ಈಗ ಏಳು ತಿಂಗಳು. ಆ ಪ್ರಶ್ನೆಯ ಅರ್ಥ ಗೊತ್ತಾಗಿದ್ದು ಅವರು ಹೋದ ಮೇಲೆ.

ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಿಂದ ತಾತ 1965ರಲ್ಲಿ ಸೇನೆಗೆ ಸೇರಿದರು. ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಅವರ ಪಡೆ. 1780ರಲ್ಲಿ ಶುರುವಾದ ಈ ಪಡೆಯವರನ್ನು ಸೇನೆಯಲ್ಲಿ ‘ತಂಬಿ’ಗಳು ಎನ್ನುತ್ತಾರೆ. ಸೈನ್ಯ ಮುಂದೆ ಸಾಗಲು ಸೇತುವೆ ಹಾಕುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು ಇವರ ಕೆಲಸ.

ನಾನು ಸಿವಿಲ್ ತೆಗೆದುಕೊಂಡಾಗ ಹೆಚ್ಚು ಖುಷಿಪಟ್ಟಿದ್ದು ತಾತನೇ. ಬೈಲಿ ಸೇತುವೆಯ ಬಗ್ಗೆ ನನಗೆ ಮೊದಲು ಪಾಠ ಮಾಡಿದವರೂ ಅವರೇ. ಹತ್ತು ಅಡಿ ಉದ್ದ, ಐದು ಅಡಿ ಎತ್ತರದ ಉಕ್ಕಿನ ಪ್ಯಾನೆಲ್. ತೂಕ ಸುಮಾರು 260 ಕೆ.ಜಿ. ಕ್ರೇನ್ ಬೇಡ, ವೆಲ್ಡಿಂಗ್ ಬೇಡ. ಆರು ಜನ ಎತ್ತಿ ತಂದು ಪಿನ್ ಹಾಕಿ ಜೋಡಿಸುತ್ತಾ ಹೋಗುವುದು, ಒಂದು ದಡದಿಂದ ರೋಲರ್ ಮೇಲೆ ಇನ್ನೊಂದು ದಡಕ್ಕೆ ತಳ್ಳುವುದು. ‘ಆರು ಜನದಲ್ಲಿ ಒಬ್ಬ ಕೈಬಿಟ್ರೂ ಉಳಿದ ಐದು ಜನದ ಸೊಂಟ ಹೋಯ್ತು’ ಎನ್ನುತ್ತಿದ್ದರು. ಆಮೇಲೆ ದನಿ ತಗ್ಗಿಸಿ, ‘ನಮ್ಮನೇಲಿ ನಿಮ್ಮಜ್ಜಿ ಒಬ್ಬಳೇ ಎತ್ತಿದ್ಲು’ ಎಂದು ಸೇರಿಸುತ್ತಿದ್ದರು.

ಅವರ ಮದುವೆಯಾಗಿದ್ದು 1970ರಲ್ಲಿ. 1971ರ ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ ಅಜ್ಜಿ ತುಂಬು ಗರ್ಭಿಣಿ. ಆ ಹದಿಮೂರು ದಿನ ಪಕ್ಕದ ಮನೆಯ ರೇಡಿಯೊ ಮುಂದೆಯೇ ಕೂತಿದ್ದರಂತೆ. ಅಪ್ಪ ಹುಟ್ಟಿದ ಸುದ್ದಿ ತಾತನಿಗೆ ಕಾಗದದಲ್ಲಿ ಮುಟ್ಟಿತು. ಅವರು ಮಗನ ಮುಖ ನೋಡುವಷ್ಟರಲ್ಲಿ ಐದು ತಿಂಗಳಾಗಿತ್ತು. ‘ನನಗೆ ಏಳು ವರ್ಷ ಆಗೋವರೆಗೂ ಅಪ್ಪ ಅಂದ್ರೆ ವರ್ಷಕ್ಕೊಮ್ಮೆ ಟ್ರಂಕ್ ಹೊತ್ತು ಬರೋ ನೆಂಟ’ ಎಂದು ಅಪ್ಪ ಈಗಲೂ ಹೇಳುತ್ತಾರೆ.

ಹವಾಲ್ದಾರ್ ಆಗಿ 1989ರಲ್ಲಿ ನಿವೃತ್ತರಾಗಿ ಬಂದ ತಾತ ಮತ್ತೆ ಮನೆ ಬಿಟ್ಟು ಹೋಗಲಿಲ್ಲ. ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಕರೆದರೂ ಒಪ್ಪಲಿಲ್ಲ. ನೀರು ಸೇದುವುದು, ಹಾಲು ಕರೆಯುವುದು ಎಲ್ಲ ತಾವೇ ಮಾಡಿದರು. ನಮ್ಮನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟರು. ಉಗುರು ಕತ್ತರಿಸದಿದ್ದರೆ ಸಾಲಾಗಿ ನಿಲ್ಲಿಸಿ ಗದರಿದರು. 2013ರಲ್ಲಿ ಅಜ್ಜಿಗೆ ಪಾರ್ಶ್ವವಾಯು ಹೊಡೆದ ಮೇಲೆ ಆರು ವರ್ಷ ಊಟ ಮಾಡಿಸಿದ್ದು, ತಲೆ ಬಾಚಿ ಜಡೆ ಹಾಕಿದ್ದು ಅವರೇ. ಅಮ್ಮ ಮಾಡಲು ಹೋದರೂ ಬಿಡುತ್ತಿರಲಿಲ್ಲ.

ತಿಥಿ ಮುಗಿದ ಮೇಲೆ ಆ ಕಪ್ಪು ಟ್ರಂಕ್ ತೆರೆದೆವು. ಮೆಡಲ್‌ಗಳ ಕೆಳಗೆ ಒಂದು ಹಳೆಯ ನೋಟ್‌ಬುಕ್ ಇತ್ತು. ಮದುವೆಯಾದಾಗಿನಿಂದ ರಜೆಗೆ ಬಂದ ತಾರೀಖು, ಹೊರಟ ತಾರೀಖು ಸಾಲಾಗಿ ಬರೆದಿದ್ದರು. ಕೊನೆಯಲ್ಲಿ ಹತ್ತೊಂಬತ್ತು ವರ್ಷಗಳ ಮೊತ್ತ: ಮನೆಯಲ್ಲಿದ್ದದ್ದು 1,212 ದಿನ. ಅದರ ಕೆಳಗೆ ಒಂದು ಗೆರೆ ಎಳೆದು, ‘ಬಾಕಿ 5,728’.

ನನ್ನ ಎಂಜಿನಿಯರಿಂಗ್ ತಲೆ ತಕ್ಷಣ ಲೆಕ್ಕ ಹಾಕಿತು. ದಿನಕ್ಕೆ ದಿನ ಅಂದರೂ ಆ ಬಾಕಿ 2005ರಲ್ಲೇ ತೀರಿತ್ತು. ಆದರೆ ತಾತ ಅದನ್ನು ಹೊಡೆದುಹಾಕಿರಲಿಲ್ಲ.

ದೇಶಕ್ಕೆ ಕೊಟ್ಟ ದಿನಗಳ ಬಗ್ಗೆ ತಾತ ಎಂದೂ ಬೇಸರಪಟ್ಟವರಲ್ಲ. ಆಗಸ್ಟ್ 15ಕ್ಕೆ ಮೆಡಲ್ ಹಾಕಿಕೊಂಡು ಶಾಲೆಗೆ ಹೋಗುವುದನ್ನು ತಪ್ಪಿಸಿದವರೂ ಅಲ್ಲ. ಆ ದಿನಗಳನ್ನು ಮನೆಯವರೂ ಕೊಟ್ಟಿದ್ದರು ಎಂಬುದನ್ನು ಮಾತ್ರ ಮರೆಯಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ನಮಗೂ ಕ್ಯಾಂಪಸ್ ಸಂದರ್ಶನ. ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ’ ಎಂದು ಕೇಳುತ್ತಾರಂತೆ. ನನ್ನ ಪ್ರಶ್ನೆ ತಯಾರಿದೆ. ಯಾರಾದರೂ ನಕ್ಕರೆ ನಗಲಿ, ನಾನೂ ನಕ್ಕಿದ್ದೆ.